ಕೇಕಿನ ಮೇಲೆ ಹಾಕುವುದೆಲ್ಲ ತಿನ್ನುವ ವಸ್ತುವೇ?

ಎರಡು ವರ್ಷಗಳ ಹಿಂದಿನ ಮಾತು. ತಂಗಿಯ ಮಗಳು ಖುರ್‌ಆನ್ ಓದಿ ಮುಗಿಸಿದ ಸಂತೋಷಕ್ಕೆ ಮನೆಯಲ್ಲೇ ಸಣ್ಣದೊಂದು ಊಟ ಇಟ್ಟುಕೊಂಡಿದ್ದೆವು. ಕೇಕ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮೂರು ಪದರದ ವೆನಿಲ್ಲಾ ಕೇಕ್, ಮೇಲೆ ಬಿಳಿ ಕ್ರೀಮ್, ಅದರ ಮೇಲೆ ಚಿನ್ನದ ಬಣ್ಣದ ಮಿಂಚುಪುಡಿ. ಎಲ್ಲರೂ ಹೊಗಳಿದರು, ಫೋಟೋ ತೆಗೆದರು, ಮಕ್ಕಳು ಬೆರಳಿನಿಂದ ಪುಡಿಯನ್ನೇ ನೆಕ್ಕಿ ನೆಕ್ಕಿ ತಿಂದರು. ಮರುದಿನ ಅಡುಗೆಮನೆ ಒರೆಸುವಾಗ ಆ ಪುಟ್ಟ ಡಬ್ಬಿ ಕೈಗೆ ಸಿಕ್ಕಿತು. ಕನ್ನಡಕ ಹಾಕಿ ನೋಡಿದರೆ ಒಂದು ಬದಿಯಲ್ಲಿ ‘ನಾನ್ ಟಾಕ್ಸಿಕ್’ ಎಂದೂ, ಇನ್ನೊಂದು ಬದಿಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ‘ಅಲಂಕಾರಕ್ಕೆ ಮಾತ್ರ’ ಎಂದೂ ಬರೆದಿತ್ತು. ಅದರಲ್ಲಿ ಏನೇನು ಇದೆ ಎಂಬ ಪಟ್ಟಿಯೇ ಇರಲಿಲ್ಲ.

ದೇವರ ದಯೆ, ಯಾವ ಮಗುವಿಗೂ ಏನೂ ಆಗಲಿಲ್ಲ. ಆದರೆ ಆ ದಿನದಿಂದ ನನಗೊಂದು ಪ್ರಶ್ನೆ ಅಂಟಿಕೊಂಡಿದೆ. ಮೊಟ್ಟೆ ತಾಜಾ ಇದೆಯೇ ಎಂದು ನೀರಿನಲ್ಲಿ ಹಾಕಿ ನೋಡುವ ನಾನು, ಮೈದಾವನ್ನು ಎರಡು ಸಲ ಜರಡಿ ಹಿಡಿಯುವ ನಾನು, ಕೇಕಿನ ಮೇಲೆ ಉದುರಿಸುವ ಪುಡಿಯ ವಿಷಯದಲ್ಲಿ ಏಕೆ ಕಣ್ಣು ಮುಚ್ಚಿಕೊಂಡೆ? ನಿಮ್ಮಲ್ಲೂ ಹಲವರು ಹೀಗೇ ಮಾಡುತ್ತಿದ್ದೀರಿ ಎಂದು ನನಗೆ ಗೊತ್ತು. ಅದಕ್ಕೇ ಈ ಬರಹ.

‘ನಾನ್ ಟಾಕ್ಸಿಕ್’ ಎಂದರೆ ತಿನ್ನಬಹುದು ಎಂದು ಅರ್ಥವಲ್ಲ. ಮಕ್ಕಳ ಕ್ರೇಯಾನಿನ ಮೇಲೂ ಅದೇ ಮಾತು ಬರೆದಿರುತ್ತದೆ. ಹೀಗೆ ಎಚ್ಚರ ತಪ್ಪಿದ್ದಕ್ಕೆ ಅಮೆರಿಕದಲ್ಲಿ ಮಕ್ಕಳು ಕಷ್ಟಪಟ್ಟ ಘಟನೆಗಳು ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ವರದಿಯಲ್ಲಿ ದಾಖಲಾಗಿವೆ. 2018ರಲ್ಲಿ ರೋಡ್ ಐಲ್ಯಾಂಡ್ ರಾಜ್ಯದಲ್ಲಿ ಹುಟ್ಟುಹಬ್ಬದ ಕೇಕ್ ತಿಂದ ಆರು ಮಕ್ಕಳಿಗೆ ವಾಂತಿ ಭೇದಿಯಾಯಿತು. ಪರೀಕ್ಷಿಸಿದಾಗ ಆ ಕೇಕಿನ ಹೊಳೆಯುವ ಲೇಪದಲ್ಲಿ ತಾಮ್ರ ತುಂಬಿತ್ತು. ಮರುವರ್ಷ ಮಿಸೌರಿಯಲ್ಲಿ ಒಂದು ವರ್ಷದ ಮಗುವಿನ ರಕ್ತದಲ್ಲಿ ಸೀಸ ಹೆಚ್ಚಿರುವುದು ಪತ್ತೆಯಾಯಿತು. ಅದು ಬಂದದ್ದು ಆ ಮಗುವಿನ ಮೊದಲ ಹುಟ್ಟುಹಬ್ಬದ ಕೇಕಿನ ಹೂಗಳಿಗೆ ಬಳಿದಿದ್ದ ಪುಡಿಯಿಂದ. ಸೀಸ ವಾಂತಿ ಮಾಡಿಸಿ ಹೊರಗೆ ಹೋಗುವ ವಸ್ತುವಲ್ಲ. ಸದ್ದಿಲ್ಲದೆ ಮೈಯಲ್ಲಿ ಕೂತು ಮಗುವಿನ ಬುದ್ಧಿ ಬೆಳವಣಿಗೆಗೇ ಪೆಟ್ಟು ಕೊಡುತ್ತದೆ.

ಆದ್ದರಿಂದ ನನ್ನ ಮೊದಲ ಅಭಿಪ್ರಾಯ ಸ್ವಲ್ಪ ಕಠಿಣವಾಗಿಯೇ ಇದೆ: ಪದಾರ್ಥಗಳ ಪಟ್ಟಿ ಮತ್ತು ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಎರಡೂ ಇಲ್ಲದ ಯಾವ ಮಿಂಚು, ಮಣಿ, ಪುಡಿಯನ್ನೂ ಕೇಕಿಗೆ ಮುಟ್ಟಿಸಬೇಡಿ. ಅಂಗಡಿಯವರು ‘ಎಲ್ಲರೂ ಇದನ್ನೇ ಒಯ್ಯುತ್ತಾರೆ’ ಎಂದರೂ ಬೇಡ.

ಇನ್ನು ಬಣ್ಣ. ನಮ್ಮ ರಾಜ್ಯದಲ್ಲೇ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು, ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಹಾಕುವುದನ್ನು ನಿಷೇಧಿಸಿದರು. ಜೂನ್‌ನಲ್ಲಿ ಕಬಾಬಿನ ಬಣ್ಣಕ್ಕೂ ನಿಷೇಧ ಬಂತು. ಆಗ ನಾವೆಲ್ಲ ಹೌದು ಹೌದು ಎಂದು ತಲೆಯಾಡಿಸಿದೆವು. ಅದೇ ವರ್ಷ ಆಹಾರ ಸುರಕ್ಷತಾ ಇಲಾಖೆ ಕೇಕುಗಳ 235 ಮಾದರಿಗಳನ್ನು ಪರೀಕ್ಷಿಸಿತು. 12ರಲ್ಲಿ ಅಸುರಕ್ಷಿತ ಮಟ್ಟದ ಕೃತಕ ಬಣ್ಣ ಇತ್ತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್‌ನಂಥ ಕೇಕುಗಳ ಹೆಸರು ಅದರಲ್ಲಿ ಎದ್ದು ಕಂಡಿತು. 235ರಲ್ಲಿ 12 ಎಂದರೆ ಹೆಚ್ಚಲ್ಲ, ಬಹುಪಾಲು ಬೇಕರಿಗಳು ಸರಿಯಾಗಿಯೇ ಇವೆ ಎಂದು ಯಾರಾದರೂ ಹೇಳಬಹುದು, ಅದು ನಿಜವೂ ಹೌದು. ಆದರೆ ಇದು ಅಂಗಡಿಯ ಲೆಕ್ಕ. ನಮ್ಮ ಅಡುಗೆಮನೆಗೆ ಬಂದು ಮಾದರಿ ಒಯ್ಯುವವರು ಯಾರೂ ಇಲ್ಲ. ಬಾಟಲಿಯಿಂದ ಎಷ್ಟು ಹನಿ ಬಿತ್ತು ಎಂದು ಎಣಿಸುವವರೂ ಇಲ್ಲ.

ಮನೆಯಲ್ಲಿ ಬಣ್ಣ ಮಿತಿ ಮೀರುವುದು ಹೇಗೆಂದು ನೋಡಿ. ತೆಳು ಗುಲಾಬಿಗೆ ಒಂದು ಹನಿ ಸಾಕು. ಮಗು ಸೂಪರ್‌ಹೀರೋ ಕೆಂಪು ಕೇಳುತ್ತದೆ. ಒಂದು ಹನಿ, ಹತ್ತು ಹನಿ, ಕಾಲು ಚಮಚ ಹಾಕಿದರೂ ಕ್ರೀಮ್ ಗುಲಾಬಿಯಾಗಿಯೇ ಉಳಿಯುತ್ತದೆ, ಏಕೆಂದರೆ ಬಿಳಿ ಕೊಬ್ಬು ಬಣ್ಣವನ್ನು ನುಂಗುತ್ತದೆ. ಕಪ್ಪಿನ ಕಥೆ ಇನ್ನೂ ಕೆಟ್ಟದು, ಬಾಟಲಿಯೇ ಖಾಲಿಯಾಗುತ್ತದೆ. ಮಕ್ಕಳ ನಾಲಿಗೆ ಎರಡು ದಿನ ನೀಲಿ. ಮೂರನೆಯ ದಿನ ಬೆಳಿಗ್ಗೆ ಮಗುವಿನ ಮಲ ಹಸಿರಾಗಿದೆ ಎಂದು ತಾಯಿ ಗಾಬರಿಯಾಗಿ ಡಾಕ್ಟರರ ಬಳಿಗೆ ಓಡುತ್ತಾಳೆ. ಅದು ಕಾಯಿಲೆಯಲ್ಲ, ನೀಲಿ ಬಣ್ಣ ಹೊರಗೆ ಹೋಗುವ ದಾರಿ, ಅಷ್ಟೇ. ಆದರೆ ಕರುಳಿನುದ್ದಕ್ಕೂ ಬಣ್ಣ ಬಳಿದುಕೊಂಡು ಹೋಗುವಷ್ಟು ಹಾಕಿದ್ದೇವೆ ಎಂಬುದಕ್ಕೆ ಸಾಕ್ಷಿಯಂತೂ ಹೌದು.

ಇದರಿಂದ ಹಾನಿ ಏನು ಎಂದು ಕೇಳುವವರಿಗೆ ಒಂದು ಮಾತು. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರು ಮೂರು ವರ್ಷದ ಹಾಗೂ ಎಂಟು–ಒಂಬತ್ತು ವರ್ಷದ ಮಕ್ಕಳಿಗೆ ಕೆಲವು ಕೃತಕ ಬಣ್ಣಗಳ ಜೊತೆ ಸೋಡಿಯಂ ಬೆಂಝೋಯೇಟ್ ಬೆರೆಸಿದ ಪಾನೀಯ ಕೊಟ್ಟು ನೋಡಿದರು. ಸರಾಸರಿಯಲ್ಲಿ ಮಕ್ಕಳ ಚಡಪಡಿಕೆ, ಅತಿ ಚಟುವಟಿಕೆ ಸ್ವಲ್ಪ ಹೆಚ್ಚಿತು. ಎಲ್ಲ ಮಕ್ಕಳಿಗೂ ಹಾಗಾಗಲಿಲ್ಲ, ಪರಿಣಾಮ ದೊಡ್ಡದೂ ಅಲ್ಲ. ಆದರೂ 2010ರಿಂದ ಯುರೋಪಿನಲ್ಲಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್, ಪೊನ್ಸೋ 4ಆರ್ ಸೇರಿ ಆರು ಬಣ್ಣಗಳಿರುವ ಆಹಾರದ ಮೇಲೆ ಮಕ್ಕಳ ಏಕಾಗ್ರತೆಯ ಬಗ್ಗೆ ಎಚ್ಚರಿಕೆ ಬರೆಯುವುದು ಕಡ್ಡಾಯವಾಯಿತು. ಇವುಗಳಲ್ಲಿ ಹೆಚ್ಚಿನವು ನಮ್ಮಲ್ಲೂ ಮಾರಾಟಕ್ಕಿರುವ ಬಣ್ಣಗಳೇ. ಬಾಟಲಿಯ ಹಿಂಬದಿ ಓದಿದರೆ ಕಾಣುತ್ತದೆ.

ಬಣ್ಣವೇ ಬೇಡ ಎಂದು ನಾನು ಹೇಳುವುದಿಲ್ಲ. ಈದಿನ ದಿನ ಮಕ್ಕಳ ಮುಂದೆ ಬಿಳಿ ಕೇಕ್ ಇಟ್ಟು ಉಪನ್ಯಾಸ ಕೊಡುವ ಅಜ್ಜಿಯಾಗಲು ನನಗೆ ಇಷ್ಟವಿಲ್ಲ. ಬೀಟ್‌ರೂಟ್ ತುರಿದು ಹಿಂಡಿ, ರಸವನ್ನು ಸಣ್ಣ ಉರಿಯಲ್ಲಿ ಕುದಿಸಿ ಪಾಕದಷ್ಟು ಗಟ್ಟಿ ಮಾಡಿ ತಣಿಸಿಟ್ಟರೆ ಒಂದು ಚಮಚಕ್ಕೆ ಒಳ್ಳೆಯ ಗುಲಾಬಿ ಬರುತ್ತದೆ. ಅದನ್ನು ಐಸಿಂಗಿಗೆ ಮಾತ್ರ ಬಳಸಿ, ಹಿಟ್ಟಿಗೆ ಹಾಕಿ ಬೇಯಿಸಿದರೆ ಕಂದಾಗುತ್ತದೆ. ಕೇಸರಿಯನ್ನು ಎರಡು ಚಮಚ ಬೆಚ್ಚಗಿನ ಹಾಲಿನಲ್ಲಿ ನೆನೆಸಿದರೆ ಹಳದಿ, ಮಾವಿನ ತಿರುಳಿನಿಂದ ಕಿತ್ತಳೆ ಹಳದಿ, ಕೊಕ್ಕೊದಿಂದ ಕಂದು. ಪಿಸ್ತಾ ಪುಡಿಯ ಹಸಿರು ಬಾಟಲಿಯ ಹಸಿರಿನಷ್ಟು ಕಣ್ಣಿಗೆ ಹೊಡೆಯುವುದಿಲ್ಲ, ಆದರೆ ಬಾಯಿಗೆ ರುಚಿ ಕೊಡುತ್ತದೆ. ಪುನರ್ಪುಳಿಯ ಕೆಂಪು ಚೆಂದ, ಆದರೆ ಹುಳಿ ಇರುವುದರಿಂದ ಹಾಲಿನ ಕ್ರೀಮಿಗೆ ಬೇಡ, ಬೆಣ್ಣೆಯ ಐಸಿಂಗಿಗೆ ಸ್ವಲ್ಪ ಹಾಕಬಹುದು.

ಈಗ ಕ್ರೀಮಿನ ವಿಷಯ. ಕರಾವಳಿಯ ನಮಗೆ ಇದೇ ದೊಡ್ಡ ತಲೆನೋವು. ಬೆಣ್ಣೆ ಸುಮಾರು 32 ಡಿಗ್ರಿಗೆಲ್ಲ ಕರಗತೊಡಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಅಡುಗೆಮನೆ ಅದಕ್ಕಿಂತ ಬಿಸಿ. ಆದ್ದರಿಂದಲೇ ಎಲ್ಲರೂ ‘ನಾನ್ ಡೇರಿ’ ವಿಪ್ಪಿಂಗ್ ಕ್ರೀಮಿಗೆ ಒಲಿದಿದ್ದಾರೆ. ಅಗ್ಗ, ಗಂಟೆಗಟ್ಟಲೆ ನಿಲ್ಲುತ್ತದೆ, ಬೀಟರಿಗೆ ಕೊಟ್ಟರೆ ಮೂರು ಪಟ್ಟು ಉಬ್ಬುತ್ತದೆ. ಆದರೆ ಅದು ಹಾಲಿನದಲ್ಲ. ಸಾಮಾನ್ಯವಾಗಿ ಹೈಡ್ರೋಜನೀಕರಿಸಿದ ತಾಳೆಬೀಜದ ಎಣ್ಣೆ, ಸಕ್ಕರೆ, ನೀರು, ಅಂಟುಗಳು. ಕೊಬ್ಬು ಮತ್ತು ಎಣ್ಣೆಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2 ಮೀರಬಾರದೆಂದು 2022ರಿಂದ ನಿಯಮವಿದೆ, ಅದು ಒಳ್ಳೆಯದೇ. ಆದರೂ ಅದರಲ್ಲಿರುವ ಕೊಬ್ಬಿನ ಬಹುಪಾಲು ಸ್ಯಾಚುರೇಟೆಡ್. ತಿಂದ ಮೇಲೆ ಅಂಗುಳಿಗೆ ಮೇಣ ಹಚ್ಚಿದಂತಾಗುವುದು ಅದರಿಂದಲೇ. ವರ್ಷಕ್ಕೊಮ್ಮೆ ಆದರೆ ಸರಿ. ಈಗ ನಮ್ಮ ಮನೆಗಳಲ್ಲಿ ಕೇಕ್ ವರ್ಷಕ್ಕೊಮ್ಮೆ ಬರುತ್ತದೆಯೇ? ಈದಿಗೆ, ನಿಶ್ಚಿತಾರ್ಥಕ್ಕೆ, ಮದುವೆಯ ವಾರ್ಷಿಕಕ್ಕೆ, ಹತ್ತನೆಯ ತರಗತಿ ಪಾಸಾದದ್ದಕ್ಕೆ, ಗಲ್ಫ್‌ನಿಂದ ಯಜಮಾನರು ಬಂದದ್ದಕ್ಕೆ. ಎಣಿಸಿ ನೋಡಿ.

ನಾನು ಈಗ ಎರಡು ಬಗೆಯಲ್ಲಿ ಮಾಡುತ್ತೇನೆ. ಒಂದು, ಹಿಂಡಿದ ಮೊಸರಿನ ಐಸಿಂಗ್. ಒಂದು ಕಿಲೋ ಗಟ್ಟಿ ಮೊಸರನ್ನು ಕುದಿಸಿ ಒಣಗಿಸಿದ ಬಟ್ಟೆಯಲ್ಲಿ ಕಟ್ಟಿ, ಕೆಳಗೆ ಪಾತ್ರೆಯಿಟ್ಟು, ರಾತ್ರಿಯಿಡೀ ಫ್ರಿಜ್ಜಿನಲ್ಲಿ ಸೋಸಲು ಬಿಡುತ್ತೇನೆ. ಸಿಕ್ಕಿದ ಗಟ್ಟಿಗೆ ನಾಲ್ಕೈದು ಚಮಚ ಐಸಿಂಗ್ ಶುಗರ್, ಸ್ವಲ್ಪ ಏಲಕ್ಕಿ ಹಾಕಿ ಚಮಚದಲ್ಲೇ ಕಲಸುವುದು. ಬೀಟರಿನಲ್ಲಿ ಹೊಡೆದರೆ ನೀರಾಗುತ್ತದೆ. ಇದಕ್ಕೆ 200 ಮಿಲಿ ನಿಜವಾದ ಹಾಲಿನ ಕ್ರೀಮ್ ಗಟ್ಟಿ ಮಾಡಿ ಮೆಲ್ಲನೆ ಸೇರಿಸಿದರೆ ಇನ್ನೂ ಚೆನ್ನಾಗಿ ನಿಲ್ಲುತ್ತದೆ. ಕ್ರೀಮ್ ಶೇ. 35ರಷ್ಟಾದರೂ ಕೊಬ್ಬಿನದಾಗಿರಲಿ, ಶೇ. 25ರ ಫ್ರೆಶ್ ಕ್ರೀಮನ್ನು ಎಷ್ಟು ಹೊಡೆದರೂ ಕೈ ನೋವೇ ಹೊರತು ಐಸಿಂಗ್ ಆಗುವುದಿಲ್ಲ. ಪಾತ್ರೆಯನ್ನೂ ಬೀಟರಿನ ಕಡ್ಡಿಗಳನ್ನೂ ಹದಿನೈದು ನಿಮಿಷ ಫ್ರೀಜರಿನಲ್ಲಿಡಿ. ಎರಡನೆಯದು ಗನಾಶ್: 200 ಗ್ರಾಂ ಡಾರ್ಕ್ ಚಾಕೊಲೇಟಿಗೆ 100 ಮಿಲಿ ಬಿಸಿ ಕ್ರೀಮ್ ಸುರಿದು ಕರಗಿಸಿ ತಣಿಸುವುದು. ಸೆಖೆಗೆ ಇದರಷ್ಟು ನಿಲ್ಲುವುದು ಬೇರೆ ಯಾವುದೂ ಇಲ್ಲ, ಬಣ್ಣದ ಗೊಡವೆಯೂ ಇಲ್ಲ.

ತೆಳುವಾಗಿ ಹಚ್ಚಲು ಬಾರದವರೇ ದಪ್ಪ ಹಚ್ಚುವುದು. ಇದು ನನ್ನ ಸ್ವಂತ ಅನುಭವ. ಕೇಕ್ ಓರೆಯಾಗಿದ್ದರೆ, ತುಣುಕು ಉದುರಿದರೆ, ಅದನ್ನು ಮುಚ್ಚಲು ಕ್ರೀಮಿನ ಮೇಲೆ ಕ್ರೀಮ್. ಅದಕ್ಕೆ ಸ್ಪಾಂಜನ್ನು ಹಿಂದಿನ ದಿನವೇ ಬೇಯಿಸಿ, ಪೂರ್ತಿ ತಣಿದ ಮೇಲೆ ಸುತ್ತಿ ಫ್ರಿಜ್ಜಿನಲ್ಲಿಡಿ. ತಣ್ಣಗಿನ ಕೇಕ್ ಕತ್ತರಿಸಲು ಸುಲಭ. ಉಬ್ಬಿದ ತಲೆಯನ್ನು ಬ್ರೆಡ್ಡಿನ ಹಲ್ಲುಚೂರಿಯಿಂದ ಸಮ ಮಾಡಿ. ಆ ತಲೆಯನ್ನು ತಿನ್ನಲು ಮನೆಯಲ್ಲಿ ಕಾಯುತ್ತಿರುವವರು ಇದ್ದೇ ಇರುತ್ತಾರೆ. ಪದರಗಳಿಗೆ ಸಕ್ಕರೆ ಪಾಕದ ಬದಲು ಹಾಲು ಅಥವಾ ಕಿತ್ತಳೆ ರಸವನ್ನು ಚಮಚದಲ್ಲಿ ಚಿಮುಕಿಸಿ. ಒಳಗೆ ಹಣ್ಣಿಡುವುದಾದರೆ ಬಟ್ಟೆಯಲ್ಲಿ ನೀರು ಒತ್ತಿ ತೆಗೆಯಿರಿ, ಅಂಚಿನ ಸುತ್ತ ಕ್ರೀಮಿನ ಬಳೆಯೊಂದನ್ನು ಹಿಂಡಿ ಅದರೊಳಗೆ ತುಂಬಿ, ಹೊರಗೆ ಜಾರುವುದಿಲ್ಲ. ಹಸಿ ಅನಾನಸ್ ಬೇಡ. ಅದರ ಕಿಣ್ವದಿಂದ ಹಾಲಿನ ಕ್ರೀಮ್ ಕಹಿಯಾಗುತ್ತದೆ. ಸಣ್ಣಗೆ ಹೆಚ್ಚಿ ಒಮ್ಮೆ ಕುದಿಸಿ ತಣಿಸಿ ಹಾಕಿ.

ಆಮೇಲೆ ಹೊರಗಿನ ಕೋಟು. ಮೊದಲು ಕೇಕಿನ ಮೈ ಕಾಣುವಷ್ಟು ತೆಳ್ಳಗೆ ಒಮ್ಮೆ ಬಳಿದು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ತುಣುಕುಗಳೆಲ್ಲ ಅದರಲ್ಲಿ ಅಂಟಿ ನಿಲ್ಲುತ್ತವೆ. ಎರಡನೆಯ ಕೋಟು ಅರ್ಧ ಸೆಂಟಿಮೀಟರಿಗಿಂತ ಕಡಿಮೆ ಸಾಕು. ತಿರುಗುವ ಸ್ಟ್ಯಾಂಡ್ ಇಲ್ಲದಿದ್ದರೆ ಬೋರಲು ಹಾಕಿದ ಬೋಗುಣಿಯ ಮೇಲೆ ಸ್ಟೀಲ್ ತಟ್ಟೆ ಇಟ್ಟು ತಿರುಗಿಸಿ. ಉದ್ದ ಚೂರಿಯನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಅದನ್ನು ಅಲುಗಾಡಿಸದೆ ಹಿಡಿದು ತಟ್ಟೆಯನ್ನು ಮಾತ್ರ ತಿರುಗಿಸಬೇಕು. ಎರಡು ಸಲ ಕೆಡುತ್ತದೆ, ಮೂರನೆಯ ಸಲ ಬರುತ್ತದೆ.

ತೆಳು ಕೋಟಿಗೆ ನಾನಿಷ್ಟು ಹಟ ಹಿಡಿಯುವುದು ಸಕ್ಕರೆಗಾಗಿ. ಎಂಟು ಇಂಚಿನ ಕೇಕಿಗೆ ವಾಡಿಕೆಯ ಬೆಣ್ಣೆ ಐಸಿಂಗ್ ಎಂದರೆ 250 ಗ್ರಾಂ ಬೆಣ್ಣೆಗೆ 500 ಗ್ರಾಂ ಸಕ್ಕರೆ. ಸ್ಪಾಂಜಿನಲ್ಲಿ 200 ಗ್ರಾಂ ಇದ್ದರೆ ಒಟ್ಟು 700 ಗ್ರಾಂ. ಹದಿನಾಲ್ಕು ತುಂಡು ಮಾಡಿದರೆ ತುಂಡಿಗೆ 50 ಗ್ರಾಂ, ಸುಮಾರು ಹನ್ನೆರಡು ಟೀ ಚಮಚ. ದೊಡ್ಡವರೊಬ್ಬರು ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಬಿರಿಯಾನಿ ತಿಂದು, ಶರಬತ್ತು ಕುಡಿದು, ಆಮೇಲೆ ಈ ತುಂಡು. ಅದನ್ನು ಮೊದಲು ಯಾರ ಬಾಯಿಗೆ ಇಡುತ್ತೇವೆ? ಪ್ರೀತಿಯಿಂದ, ಮನೆಯ ಹಿರಿಯರ ಬಾಯಿಗೆ. ಅವರು ಬೆಳಿಗ್ಗೆಯಷ್ಟೇ ಇನ್ಸುಲಿನ್ ಚುಚ್ಚಿಕೊಂಡಿರುತ್ತಾರೆ. ಬೇಡ ಎಂದರೆ ಮೊಮ್ಮಗುವಿನ ಮನಸ್ಸು ನೋಯುತ್ತದೆಂದು ಸುಮ್ಮನೆ ನುಂಗುತ್ತಾರೆ.

ಶುಚಿತ್ವದ ಮಾತು ಹೇಳದಿದ್ದರೆ ಈ ಪುಟಕ್ಕೆ ಬರೆದು ಪ್ರಯೋಜನವಿಲ್ಲ. ನಾಝಲಿನ ಹಲ್ಲುಗಳ ಸಂದಿಯಲ್ಲಿ ಕೊಬ್ಬು ಉಳಿಯುತ್ತದೆ. ನೀರು ಹಿಡಿದರೆ ಹೋಗುವುದಿಲ್ಲ, ಸೋಪು ಹಾಕಿದ ಬಿಸಿನೀರಿನಲ್ಲಿ ನೆನೆಸಿ ಸಣ್ಣ ಬ್ರಷ್‌ನಿಂದ ಉಜ್ಜಿ, ಒಮ್ಮೆ ಕುದಿಸಿ, ಪೂರ್ತಿ ಒಣಗಿಸಿಡಿ. ಬಟ್ಟೆಯ ಪೈಪಿಂಗ್ ಬ್ಯಾಗನ್ನು ಮೂಸಿ ನೋಡಿ, ಕಮಟು ವಾಸನೆ ಬಂದರೆ ಬಿಸಾಡಿ. ಹಸಿ ಮೊಟ್ಟೆಯ ಬಿಳಿಯಿಂದ ಮಾಡುವ ಐಸಿಂಗನ್ನು ಗರ್ಭಿಣಿಯರು, ಮಕ್ಕಳು, ವೃದ್ಧರು ಇರುವ ಮನೆಯಲ್ಲಿ ಮಾಡಬೇಡಿ. ಸಾಲ್ಮೊನೆಲ್ಲಾ ಮೊಟ್ಟೆಯೊಳಗೇ ಇರಬಲ್ಲದು, ಹೊರಗೆ ತೊಳೆದರೆ ಸಾಲದು. ಹಾಲಿನ ಕ್ರೀಮಿನ ಕೇಕನ್ನು ಫ್ರಿಜ್ಜಿನ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು, ನಮ್ಮ ಬೇಸಿಗೆಯಲ್ಲಿ ಒಂದೇ ಗಂಟೆ. ‘ಎಲ್ಲರೂ ಬರಲಿ’ ಎಂದು ಅಸರ್‌ನಿಂದ ಇಶಾವರೆಗೆ ಮೇಜಿನ ಮೇಲೆ ಇಟ್ಟುಕೊಳ್ಳುವುದು ಇನ್ನು ಸಾಕು. ಮತ್ತು ಫ್ರಿಜ್ಜಿನಲ್ಲಿ ಮುಚ್ಚಿಡಿ. ಬಂಗುಡೆ ಸಾರಿನ ಪಕ್ಕ ತೆರೆದಿಟ್ಟ ಕೇಕ್ ಬೆಳಗಾಗುವುದರೊಳಗೆ ಬಂಗುಡೆಯ ವಾಸನೆ ಹಿಡಿದಿರುತ್ತದೆ. ಕೊಬ್ಬು ವಾಸನೆಯನ್ನು ಎಳೆದುಕೊಳ್ಳುತ್ತದೆ.

ಅಂಗಳದ ಹೂವನ್ನು ಕೇಕಿಗೆ ಚುಚ್ಚುವ ಹೊಸ ಹುಚ್ಚೂ ಬಂದಿದೆ. ಕಣಗಿಲೆ ಗಿಡದ ಪ್ರತಿ ಭಾಗವೂ ವಿಷ. ಅಂಗಡಿಯ ಗುಲಾಬಿಗೆ ಕೀಟನಾಶಕ ಹೊಡೆದಿರುತ್ತಾರೆ. ಟೂತ್‌ಪಿಕ್ ಮತ್ತು ತಂತಿಯಂತೂ ಬೇಡವೇ ಬೇಡ, ಒಂದನ್ನು ತೆಗೆಯಲು ಮರೆತರೆ ಅದು ಯಾವುದೋ ಮಗುವಿನ ಗಂಟಲಿಗೆ. ದಾಳಿಂಬೆ ಕಾಳು, ಸಣ್ಣಗೆ ಸೀಳಿದ ಖರ್ಜೂರ, ಚೂರು ಮಾಡಿದ ಪಿಸ್ತಾ ಇಟ್ಟರೆ ಏನು ಕಡಿಮೆ? ಪುಟ್ಟ ಮಕ್ಕಳಿದ್ದರೆ ಇಡೀ ಬಾದಾಮಿ, ಬೆಳ್ಳಿ ಮಣಿ ಬೇಡ.

ಹಲಾಲ್ ನೋಡುವವರು ಕೇಕಿನ ಒಳಗನ್ನು ನೋಡಿ ಮೇಲ್ಭಾಗವನ್ನು ಮರೆಯುತ್ತಾರೆ. ಫಾಂಡೆಂಟ್, ಮಾರ್ಷ್‌ಮೆಲೋ, ಹೊಳೆಯುವ ಜೆಲ್‌ಗಳಲ್ಲಿ ಜೆಲಾಟಿನ್ ಇರಬಹುದು. ಅದು ಯಾವ ಪ್ರಾಣಿಯದ್ದೆಂದು ಪೊಟ್ಟಣ ಹೇಳದಿದ್ದರೆ, ಹಸಿರು ಚುಕ್ಕೆ ಇರುವುದನ್ನೇ ಆರಿಸಿ. ಜೆಲ್ ಬೇಕೆಂದರೆ ಚೈನಾ ಗ್ರಾಸ್ ಸಾಕು. ಪಟ್ಟಿಯಲ್ಲಿ 120 ಎಂಬ ಸಂಖ್ಯೆಯ ಕೆಂಪು ಬಣ್ಣ ಕಂಡರೆ, ಅದು ಕೀಟದಿಂದ ತೆಗೆದದ್ದು ಎಂದು ತಿಳಿದಿರಲಿ.

ಕೊನೆಗೆ ಮನೆಯಲ್ಲೇ ಕೇಕ್ ಮಾಡಿ ಮಾರುವ ನಮ್ಮ ಹೆಣ್ಣುಮಕ್ಕಳ ಬಗ್ಗೆ. ಎಷ್ಟೋ ಮನೆಗಳ ಶಾಲೆಯ ಫೀಸು ಇಂದು ಈ ಓವನ್ನಿನಿಂದ ಹೊರಡುತ್ತಿದೆ. ಅವರಲ್ಲಿ ಒಬ್ಬಳು ನನಗೆ ಹೇಳಿದಳು, “ಮಾಮಿ, ಬಣ್ಣ ಕಡಿಮೆ ಹಾಕಿದರೆ ಗಿರಾಕಿ ಫೋಟೋ ಕಳಿಸಿ, ಇದರಂತೆ ಇಲ್ಲವಲ್ಲ ಎಂದು ದುಡ್ಡು ಹಿಡಿದುಕೊಳ್ಳುತ್ತಾರೆ.” ತಪ್ಪು ಯಾರದು? ಮೊಬೈಲಿನ ಚಿತ್ರವನ್ನು ಕಳಿಸಿ ಹೀಗೇ ಬೇಕು ಎನ್ನುವವರು ನಾವು. ಹಾಲಿನ ಕ್ರೀಮಿಗೆ ನೂರಿನ್ನೂರು ಹೆಚ್ಚು ಕೇಳಿದರೆ ಮುಖ ತಿರುಗಿಸುವವರೂ ನಾವೇ. ಅವಳಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಇದೆಯೇ, ಯಾವ ಕ್ರೀಮ್, ಯಾವ ಬಣ್ಣ ಎಂದು ಕೇಳಿ. ಕೇಳುವುದು ಅವಮಾನವಲ್ಲ. ಆದರೆ ಉತ್ತರ ಸರಿಯಿದ್ದರೆ ಬೆಲೆಗೆ ಚೌಕಾಸಿ ಮಾಡಬೇಡಿ.

ಅಂದಹಾಗೆ, ಮೇಣದಬತ್ತಿ ಊದುವುದರ ಬಗ್ಗೆಯೂ ಯಾರೋ ಅಳೆದು ನೋಡಿದ್ದಾರೆ. 2017ರಲ್ಲಿ ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದವರು ಕಂಡಂತೆ, ಊದಿದ ಐಸಿಂಗಿನ ಮೇಲೆ ಬ್ಯಾಕ್ಟೀರಿಯಾ ಸರಾಸರಿ ಶೇ. 1,400ರಷ್ಟು ಹೆಚ್ಚಿತ್ತು. ಆರೋಗ್ಯವಂತರು ಹೆದರಬೇಕಿಲ್ಲ, ಆದರೆ ಊದುವ ಮಗುವಿಗೆ ಶೀತವಿದ್ದರೆ ಒಂದು ತುಂಡನ್ನು ಬೇರೆ ತಟ್ಟೆಯಲ್ಲಿಟ್ಟು ಅದರ ಮೇಲೆ ಊದಿಸಿ.

ಕಳೆದ ಈದಿಗೆ ತಂಗಿಯ ಮಗ ನೇರಳೆ ಕೇಕೇ ಬೇಕೆಂದು ಹಟ ಹಿಡಿದ. ಬೇಲಿಯಲ್ಲಿ ಶಂಖಪುಷ್ಪ ಹಬ್ಬಿತ್ತು, ಔಷಧಿ ಗಿವುಷಧಿ ಹೊಡೆದದ್ದಲ್ಲ. ಹತ್ತು ಹೂ ಕಿತ್ತು ತೊಳೆದು, ಸ್ವಲ್ಪವೇ ಬಿಸಿನೀರಿನಲ್ಲಿ ನೆನೆಸಿದೆವು. ಕಡು ನೀಲಿ ರಸ ಬಂತು. ಅದಕ್ಕೆ ನಾಲ್ಕು ಹನಿ ಲಿಂಬೆರಸ ಬಿದ್ದೊಡನೆ ನೇರಳೆಗೆ ತಿರುಗಿತು. ಮಕ್ಕಳೆಲ್ಲ ಕೇಕನ್ನು ಬಿಟ್ಟು ಬಟ್ಟಲಿನ ಸುತ್ತ ನಿಂತು, ಇನ್ನೊಮ್ಮೆ ಮಾಡಿ ಎಂದು ಪೀಡಿಸತೊಡಗಿದರು. ಮೊಸರಿನ ಐಸಿಂಗಿಗೆ ಬೆರೆಸಿದಾಗ ಬಂದದ್ದು ತೀರಾ ತಿಳಿ ನೇರಳೆ. ಅವನು ಒಂದು ಕ್ಷಣ ನೋಡಿದ, ಆಮೇಲೆ ಎರಡು ತುಂಡು ತಿಂದ.